ಸಾಕುಮೊಲಗಳ ಸಂತಾನಹರಣ: ನಡವಳಿಕೆ ಮತ್ತು ನೆಮ್ಮದಿ

ಗಂಡು ಮೊಲದ ವೃಷಣಗಳನ್ನು ಅಥವಾ ಹೆಣ್ಣು ಮೊಲದ ಅಂಡಾಶಯಗಳನ್ನು, ಸಾಮಾನ್ಯವಾಗಿ ಗರ್ಭಕೋಶದ ಸಮೇತ, ತೆಗೆದು ಮರಿಯಾಗದಂತೆ ಮಾಡುವ ಶಸ್ತ್ರಚಿಕಿತ್ಸೆಗೆ ಸಂತಾನಹರಣ ಎನ್ನುತ್ತಾರೆ. ಆಡುಮಾತಿನಲ್ಲಿ ಇದು ಬರೀ 'ಆಪರೇಷನ್'. ಕನ್ನಡಿಗರಿಗೆ ಈ ಮಾತು ಬೀದಿನಾಯಿಗಳ ಸಂಬಂಧದಲ್ಲಿ ಹೆಚ್ಚು ಪರಿಚಿತ. ಮೊಲದ ವಿಷಯದಲ್ಲಿ ಮರಿಗಳ ಸಂಖ್ಯೆಗೆ ತಡೆ ಹಾಕುವುದು ಒಂದು ಉದ್ದೇಶವಾದರೆ, ಪ್ರಾಯಕ್ಕೆ ಬಂದ ಮೊಲದ ಕಾದಾಟ, ಮೂತ್ರ ಚಿಮ್ಮಿಸುವಿಕೆ, ಹುಸಿ ಗಬ್ಬ ಮುಂತಾದವನ್ನು ತಗ್ಗಿಸುವುದು ಇನ್ನೊಂದು. ಎರಡು ಮೊಲಗಳು ಒಂದೇ ಗೂಡಿನಲ್ಲಿ ಜಗಳವಿಲ್ಲದೆ ಬಾಳಲು ದಾರಿಯಾಗುವುದು ಇದರ ಅತಿ ದೊಡ್ಡ ಫಲ. ಈ ಲೇಖನದಲ್ಲಿ ಹವಾಮಾನ, ಮೇವು ಮತ್ತು ವೈದ್ಯ ಸೌಲಭ್ಯಗಳ ಮಾತು ಬಂದಲ್ಲಿ ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳ ನಡುವಿನ ಗೊರೇಬಾಳ ಸೀಮೆಯನ್ನು ಕಣ್ಣ ಮುಂದಿಟ್ಟುಕೊಳ್ಳಲಾಗಿದೆ.

ಹೆಸರು ಒಂದು, ಪ್ರಾಣಿ ಎರಡು

ಕನ್ನಡದಲ್ಲಿ ಎರಡು ಬೇರೆ ಪ್ರಾಣಿಗಳಿಗೆ 'ಮೊಲ' ಎಂಬ ಒಂದೇ ಹೆಸರಿದೆ. ಎರೆಹೊಲದ ಬದುವಿನಿಂದ, ಕುರುಚಲು ಗುಡ್ಡದಿಂದ ಛಂಗನೆ ನೆಗೆದು ಓಡುವುದು ಕಾಡುಮೊಲ, ಲೀಪಸ್ ನೈಗ್ರಿಕಾಲಿಸ್. ಚಂದ್ರನಲ್ಲಿ ಕಾಣುವುದೂ, 1031ರ ಸುಮಾರಿಗೆ ದುರ್ಗಸಿಂಹ ಕನ್ನಡಕ್ಕೆ ತಂದ ಪಂಚತಂತ್ರದಲ್ಲಿ ಸಿಂಹವನ್ನು ಬಾವಿಗೆ ಕೆಡಹುವುದೂ ಇದೇ. ಅದು ಒಂಟಿಯಾಗಿ ಬಾಳುತ್ತದೆ, ಬಿಲ ತೋಡುವುದಿಲ್ಲ, ಅದರ ಮರಿಗಳು ಕಣ್ಣು ತೆರೆದೇ ಹುಟ್ಟುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಹಿಡಿಯುವುದೂ ಸಾಕುವುದೂ ಅಪರಾಧ.

ಅಂಗಡಿಯಲ್ಲಿ, ಸಂತೆಯಲ್ಲಿ ಮಾರುವ ಬಿಳಿ, ಬೂದು, ಕಂದು ಮೊಲಗಳು ಒರಿಕ್ಟೊಲೇಗಸ್ ಕುನಿಕ್ಯುಲಸ್ ಎಂಬ ಪ್ರಭೇದದವು. ಇವುಗಳ ಮೂಲ ಇಂದಿನ ಸ್ಪೇನ್, ಪೋರ್ಚುಗಲ್ ಪ್ರದೇಶ. ನೆಲದಡಿ ಬಿಲ ತೋಡಿ ಗುಂಪಾಗಿ ಬಾಳುವ ಪ್ರಾಣಿ ಇದು. ಮರಿಗಳು ಹುಟ್ಟುವಾಗ ಕಣ್ಣು ಮುಚ್ಚಿರುತ್ತವೆ, ಮೈ ಬೋಳಾಗಿರುತ್ತದೆ. ಭಾರತದಲ್ಲಿ ಇವುಗಳ ಸಾಕಣೆ ಮುಖ್ಯವಾಗಿ ಮಾಂಸ ಮತ್ತು ಉಣ್ಣೆಗಾಗಿ ಬೆಳೆಯಿತು. ರಾಜಸ್ಥಾನದ ಅವಿಕಾನಗರದಲ್ಲಿರುವ ಕೇಂದ್ರೀಯ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆ ಹಾಗೂ ತಮಿಳುನಾಡಿನ ಕೊಡೈಕನಾಲ್ ಬಳಿಯ ಮನ್ನವನೂರಿನಲ್ಲಿರುವ ಅದರ ದಕ್ಷಿಣ ಪ್ರಾದೇಶಿಕ ಕೇಂದ್ರ ಮೊಲಗಳ ಮೇಲೆ ಕೆಲಸ ಮಾಡಿವೆ. ನ್ಯೂಜಿಲೆಂಡ್ ವೈಟ್, ಸೋವಿಯತ್ ಚಿಂಚಿಲಾ, ವೈಟ್ ಜೈಂಟ್, ಗ್ರೇ ಜೈಂಟ್ ಇಲ್ಲಿ ಸಾಮಾನ್ಯವಾಗಿ ಕಾಣುವ ತಳಿಗಳು. ಮರಿ ಮಾಡಿಸುವುದೇ ಸಾಕಣೆಯ ಗುರಿಯಾದ ಕಡೆ ಸಂತಾನಹರಣದ ಪ್ರಶ್ನೆ ಏಳುವುದಿಲ್ಲ. ಮಕ್ಕಳ ಹಟಕ್ಕೆ ಕೊಂಡ ಜೋಡಿ ಮೊಲ ಮನೆಯಂಗಳಕ್ಕೆ ಬಂದಾಗ ಅದು ಎದುರಾಗುತ್ತದೆ.

ಹಿನ್ನೆಲೆ

ಸಾಕುಪ್ರಾಣಿಗಳ ಬೀಜ ಒಡೆಸುವುದು ರೈತರಿಗೆ ಹೊಸದಲ್ಲ. ಹೋರಿ ನೊಗಕ್ಕೆ ಬಗ್ಗಲಿ ಎಂದು ಬೀಜ ಒಡೆಸಿ ಎತ್ತು ಮಾಡುವುದು ಹಳೆಯ ಪದ್ಧತಿ. ಇದಕ್ಕೆ ಅಶೋಕನ ಕಾಲದ ಸಾಕ್ಷಿಯೂ ಇದೆ. 1915ರಲ್ಲಿ ಮಸ್ಕಿಯಲ್ಲಿ ಸಿಕ್ಕ ಶಾಸನದಿಂದ ಅಶೋಕನ ಹೆಸರು ಸ್ಪಷ್ಟವಾಯಿತು. ಅದೇ ಅಶೋಕನ ಉತ್ತರ ಭಾರತದ ಐದನೆಯ ಸ್ತಂಭಶಾಸನದಲ್ಲಿ, ಕೆಲವು ತಿಥಿಗಳಲ್ಲಿ ಮತ್ತು ಹಬ್ಬದ ದಿನಗಳಲ್ಲಿ ಹೋರಿ, ಹೋತ, ಟಗರು, ಹಂದಿ ಮೊದಲಾದವುಗಳ ಬೀಜ ತೆಗೆಯಬಾರದು ಎಂಬ ಕಟ್ಟಳೆಯಿದೆ. ಪ್ರಾಣಿಯನ್ನು ಪಳಗಿಸುವ ಈ ಕ್ರಮ, ಅದರಿಂದ ಅದಕ್ಕಾಗುವ ನೋವು, ಇವೆರಡನ್ನೂ ಎದುರುಬದುರು ಇಟ್ಟು ನೋಡುವ ರೂಢಿ ಅಷ್ಟು ಹಿಂದಿನದು.

ಮನೆಮೊಲಗಳಿಗೆ ಸಂತಾನಹರಣ ಮಾಡಿಸುವ ಪದ್ಧತಿ ಮಾತ್ರ ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳದು. ಅಮೆರಿಕದಲ್ಲಿ ಮೊಲವನ್ನು ಹಿತ್ತಲಿನ ಗೂಡಿನಿಂದ ಮನೆಯೊಳಕ್ಕೆ ತಂದು ಸಾಕುವ ವಿಚಾರವನ್ನು ಮರಿನೆಲ್ ಹ್ಯಾರಿಮನ್ 1985ರಲ್ಲಿ ಪ್ರಕಟಿಸಿದ ಕೈಪಿಡಿ ಜನಪ್ರಿಯಗೊಳಿಸಿತು. 1988ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹೌಸ್ ರ್‍ಯಾಬಿಟ್ ಸೊಸೈಟಿ ಹುಟ್ಟಿಕೊಂಡಿತು. ಮನೆಯೊಳಗೆ ಬಂದ ಮೊಲ ಸೋಫಾದ ಮೇಲೆ ಮೂತ್ರ ಚಿಮ್ಮಿಸಿದಾಗ ಆಪರೇಷನ್ನಿನ ಮಾತೂ ಜೊತೆಗೇ ಬಂತು. ಕರ್ನಾಟಕದಲ್ಲಿ ಮೊಲದ ಆಪರೇಷನ್ ಮಾಡುವ ಅನುಭವ ಹೆಚ್ಚಾಗಿ ಬೆಂಗಳೂರಿನಂಥ ದೊಡ್ಡ ನಗರಗಳ ಸಾಕುಪ್ರಾಣಿ ಚಿಕಿತ್ಸಾಲಯಗಳಲ್ಲಿದೆ.

ಮರಿಯಾಗುವ ಬಗೆ

ಹಸು, ಎಮ್ಮೆ, ನಾಯಿಗಳಂತೆ ಮೊಲಕ್ಕೆ ಗೊತ್ತಾದ ಬೆದೆಯ ಕಾಲವಿಲ್ಲ. ಹೆಣ್ಣು ಮೊಲದಲ್ಲಿ ಅಂಡ ಬಿಡುಗಡೆಯಾಗುವುದು ಗಂಡು ಕೂಡಿದ ಮೇಲೆ, ಸುಮಾರು ಹತ್ತು ಗಂಟೆಗಳ ನಂತರ. ಆದ್ದರಿಂದ ಕೂಡಿಕೆ ಬಹುಮಟ್ಟಿಗೆ ಫಲಿಸುತ್ತದೆ. ಗಬ್ಬದ ಅವಧಿ 30ರಿಂದ 32 ದಿನ. ಮರಿ ಹಾಕಿದ ದಿನವೇ ಹೆಣ್ಣು ಮತ್ತೆ ಗಬ್ಬ ನಿಲ್ಲಬಲ್ಲದು. ಚಿಕ್ಕ ತಳಿಗಳು ನಾಲ್ಕು ತಿಂಗಳಿಗೆ, ಮಧ್ಯಮ ತಳಿಗಳು ನಾಲ್ಕರಿಂದ ಆರು ತಿಂಗಳಿಗೆ ಪ್ರಾಯಕ್ಕೆ ಬರುತ್ತವೆ, ದೊಡ್ಡ ತಳಿಗಳಿಗೆ ಇನ್ನೂ ಕೆಲವು ತಿಂಗಳು ಬೇಕು. ಒಂದು ಸೂಲಿಗೆ ಆರೇ ಮರಿ ಎಂದಿಟ್ಟುಕೊಂಡರೂ ವರ್ಷಕ್ಕೆ ಐದು ಸೂಲಿನಲ್ಲಿ ಮೂವತ್ತಾಯಿತು. 1859ರಲ್ಲಿ ಥಾಮಸ್ ಆಸ್ಟಿನ್ ಎಂಬಾತ ಬೇಟೆಯ ಖುಷಿಗೆ ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ಬಿಟ್ಟ ಎರಡು ಡಜನ್ ಮೊಲಗಳು ಅರ್ಧ ಶತಮಾನದೊಳಗೆ ಆ ಖಂಡದ ಬಹುಭಾಗಕ್ಕೆ ಹಬ್ಬಿದವು.

ಎಷ್ಟೋ ಮನೆಗಳಲ್ಲಿ ಎಡವಟ್ಟು ಶುರುವಾಗುವುದು ಲಿಂಗ ಗುರುತಿಸುವಲ್ಲಿ. ಎರಡೂ ಹೆಣ್ಣೆಂದು ತಂದ ಮರಿಗಳಲ್ಲಿ ಒಂದು ಗಂಡಾಗಿರುತ್ತದೆ. ಎಳೆ ಮರಿಯಲ್ಲಿ ವೃಷಣಗಳು ಹೊಟ್ಟೆಯೊಳಗೇ ಇದ್ದು, ಹತ್ತು ಹನ್ನೆರಡು ವಾರಕ್ಕೆ ಕೆಳಗಿಳಿಯುತ್ತವೆ. ಮರಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಜನನಾಂಗದ ಸುತ್ತಲಿನ ಚರ್ಮವನ್ನು ಎರಡು ಬೆರಳಿನಿಂದ ಮೆಲ್ಲಗೆ ಒತ್ತಿದರೆ, ಗಂಡಿನಲ್ಲಿ ದುಂಡು ಬಾಯಿಯ ಕೊಳವೆಯೂ ಹೆಣ್ಣಿನಲ್ಲಿ ಉದ್ದ ಸೀಳೂ ಕಾಣುತ್ತದೆ. ಇನ್ನೊಂದು ಎಡವಟ್ಟು ಬಿಸಿಲುಸೀಮೆಯದು. ಉಷ್ಣಾಂಶ 30 ಡಿಗ್ರಿ ದಾಟಿ ದಿನಗಟ್ಟಲೆ ಉಳಿದರೆ ಗಂಡು ಮೊಲದ ವೀರ್ಯ ಕೆಲಕಾಲ ಸತ್ವ ಕಳೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ಒಟ್ಟಿಗಿಟ್ಟರೂ ಮರಿಯಾಗಲಿಲ್ಲವೆಂದು ನಿಶ್ಚಿಂತರಾದವರ ಮನೆಯಲ್ಲಿ ಮಳೆಗಾಲ ಕಳೆಯುವಷ್ಟರಲ್ಲಿ ಮರಿಗಳು ಕಾಣಿಸಿಕೊಳ್ಳುತ್ತವೆ.

ಪ್ರಾಯದ ಮೊಲದ ನಡವಳಿಕೆ

ಮೊಲವೆಂದರೆ ಅಂಜುಬುರುಕ ಎಂಬ ಮಾತು ಪೂರ್ತಿ ನಿಜವಲ್ಲ. ಬೇಟೆನಾಯಿಗಳನ್ನೇ ತಿರುಗಿ ಅಟ್ಟಿಸಿಕೊಂಡು ಬಂದ ಮೊಲದ ಐತಿಹ್ಯ ತುಂಗಭದ್ರೆಯ ಆಚೆ ದಡದ ಹಂಪಿಯದು. ಅದು ಕಾಡುಮೊಲದ ಕತೆಯೇ ಇರಬಹುದು. ಆದರೆ ಪ್ರಾಯಕ್ಕೆ ಬಂದ ಸಾಕುಮೊಲವೂ ತನ್ನ ಜಾಗ ಕಾಯಲು ನಿಂತರೆ ಹಾಗೇ ಮೇಲೆ ಬೀಳುತ್ತದೆ.

ಗಂಡು ಮೊಲ ಸಾಕಿದವರ ಪಾದಗಳ ಸುತ್ತ ಗಿರಕಿ ಹೊಡೆಯುತ್ತದೆ, ಗೊರ್ ಗೊರ್ ಎನ್ನುತ್ತದೆ, ಕೈ, ಕಾಲು, ಚೆಂಡು, ಕೊನೆಗೆ ಬೆಕ್ಕಾದರೂ ಸರಿ, ಹತ್ತಲು ನೋಡುತ್ತದೆ. ಓಡುತ್ತಲೇ ಪಕ್ಕಕ್ಕೆ ತಿರುಗಿ ಗೋಡೆಗೆ, ಜೊತೆಯ ಮೊಲಕ್ಕೆ ಮೂತ್ರ ಚಿಮ್ಮಿಸುತ್ತದೆ. ಎರಡು ಪ್ರಾಯದ ಗಂಡುಗಳು ಒಂದೇ ಗೂಡಿನಲ್ಲಿದ್ದರೆ ಜಗಳ ಬೀಜದ ಚೀಲ ಹರಿಯುವ ತನಕ ಹೋಗಬಹುದು.

ಹೆಣ್ಣಿನ ಸಿಡುಕು ಬೇರೆ ಬಗೆಯದು. ಗೂಡಿಗೆ ಕೈ ಹಾಕಿದರೆ ಮುಂಗಾಲಿನಿಂದ ಹೊಡೆಯುತ್ತದೆ, ಕಚ್ಚುತ್ತದೆ. ಬೇರೆ ಹೆಣ್ಣು ಹತ್ತಿದರೂ ಸಾಕು, ಅಂಡ ಬಿಡುಗಡೆಯಾಗಿ ಹುಸಿ ಗಬ್ಬ ಕಟ್ಟಬಹುದು. ಅದು 16ರಿಂದ 18 ದಿನ ಇರುತ್ತದೆ. ಆಗ ಹೆಣ್ಣು ಬಾಯಿ ತುಂಬ ಹುಲ್ಲು ಕಚ್ಚಿಕೊಂಡು ಮೂಲೆಗೆ ಸಾಗಿಸುತ್ತದೆ. ಕೊರಳ ಕೆಳಗಿನ, ಹೊಟ್ಟೆಯ ಮೇಲಿನ ತುಪ್ಪಳವನ್ನು ಹಲ್ಲಿನಿಂದ ಕಿತ್ತು ಆ ಹುಲ್ಲಿನ ಮೇಲೆ ಹಾಸುತ್ತದೆ. ಮರಿಯಿಲ್ಲದ ಆ ಹಾಸಿಗೆಯನ್ನು ಯಾರೂ ಮುಟ್ಟಗೊಡುವುದಿಲ್ಲ. ಕೆಲ ದಿನಕ್ಕೆ ಎಲ್ಲ ಮರೆತು ಮಾಮೂಲಾಗುತ್ತದೆ, ಕೆಲವು ವಾರ ಕಳೆದು ಮತ್ತೆ ಅದೇ ಶುರು.

ಶಸ್ತ್ರಚಿಕಿತ್ಸೆ

ಗಂಡಿಗೆ ವೃಷಣ ಇಳಿದ ಮೇಲೆ, ನಾಲ್ಕೈದು ತಿಂಗಳ ಹೊತ್ತಿಗೆ ಮಾಡಬಹುದು. ಹೆಣ್ಣಿಗೆ ಐದಾರು ತಿಂಗಳು ತುಂಬಿದ ಮೇಲೆ ಸೂಕ್ತ. ಹೋರಿಗೆ ಬಳಸುವ ಇಕ್ಕಳದಿಂದ ಒತ್ತಿ ಬೀಜ ಒಡೆಯುವ ಕ್ರಮ ಮೊಲಕ್ಕೆ ಸಲ್ಲದು. ಮೊಲದಲ್ಲಿ ಹೊಟ್ಟೆಯಿಂದ ಬೀಜದ ಚೀಲಕ್ಕಿರುವ ದಾರಿ ಜೀವನಪೂರ್ತಿ ತೆರೆದೇ ಇರುತ್ತದೆ. ವೃಷಣ ತೆಗೆದ ಮೇಲೆ ಆ ದಾರಿಯನ್ನು ವೈದ್ಯರು ಮುಚ್ಚದಿದ್ದರೆ ಕರುಳು ಇಳಿಯುವ ಭಯವಿದೆ. ಹೆಣ್ಣಿನದು ಹೊಟ್ಟೆ ಕೊಯ್ದು ಮಾಡುವ ದೊಡ್ಡ ಕೆಲಸ. ಮೊಲದ ಗರ್ಭಕೋಶಕ್ಕೆ ಎರಡು ಕೊರಳಿರುವುದರಿಂದ ಅದರ ರಚನೆ ತಿಳಿದವರೇ ಮಾಡಬೇಕು. 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯ್ದೆಯ ಪ್ರಕಾರ ಇಂಥ ಚಿಕಿತ್ಸೆ ನೋಂದಾಯಿತ ಪಶುವೈದ್ಯರ ಕೆಲಸ.

ನಾಯಿ, ಬೆಕ್ಕುಗಳನ್ನು ಆಪರೇಷನ್ನಿಗೆ ಮೊದಲು ಉಪವಾಸ ಕೆಡವುತ್ತಾರೆ. ಮೊಲವನ್ನು ಹಾಗೆ ಕೆಡವಬಾರದು. ಅದು ವಾಂತಿ ಮಾಡಲಾರದು, ಮೇಲಾಗಿ ಅದರ ಕರುಳು ಸದಾ ಚಲಿಸುತ್ತಿರಬೇಕು. ಆದ್ದರಿಂದ ಕೊನೆಯ ಗಳಿಗೆಯವರೆಗೂ ಹುಲ್ಲು ಮುಂದಿರಬೇಕು. ಎಚ್ಚರವಾದ ಕೆಲವೇ ಗಂಟೆಗಳಲ್ಲಿ ಮೊಲ ಮತ್ತೆ ತಿನ್ನತೊಡಗಬೇಕು. ತಿನ್ನದಿದ್ದರೆ ಸಿರಿಂಜಿನಿಂದ ಆಹಾರ ಕೊಡಬೇಕಾಗುತ್ತದೆ. ನೋವಿಗೆ ಮೆಲೊಕ್ಸಿಕ್ಯಾಮ್‌ನಂಥ ಔಷಧಿ ಕಡ್ಡಾಯವೆನ್ನಬೇಕು, ಏಕೆಂದರೆ ನೊಂದ ಮೊಲ ಕೂಗುವುದಿಲ್ಲ. ಮೂಲೆಯಲ್ಲಿ ಮುದುಡಿ ಕುಳಿತು, ಕಣ್ಣು ಅರೆ ಮುಚ್ಚಿ, ಹಲ್ಲು ಕಟಕಟ ಕಡಿಯುತ್ತದೆ. ಬಾಯಿಯಿಂದ ಕೊಡುವ ಅಮಾಕ್ಸಿಸಿಲಿನ್, ಲಿಂಕೋಮೈಸಿನ್, ಕ್ಲಿಂಡಮೈಸಿನ್ ಮೊಲದ ಕರುಳಿನ ಸೂಕ್ಷ್ಮಜೀವಿಗಳನ್ನು ಕೆಡಿಸಿ ಜೀವಕ್ಕೇ ಎರವಾಗಬಹುದು. ಮನೆಯಲ್ಲಿದ್ದ ಮಾತ್ರೆ ಪುಡಿ ಮಾಡಿ ಕೊಡುವುದು ಸರ್ವಥಾ ಕೂಡದು. ಮೊಲ ತನ್ನ ಮೆತ್ತನೆ ಹಿಕ್ಕೆಯನ್ನು ಗುದದಿಂದಲೇ ತಿಂದು ಪೋಷಣೆ ಪಡೆಯುವ ಪ್ರಾಣಿ. ಗಾಯ ನೆಕ್ಕದಿರಲೆಂದು ಕೊರಳಿಗೆ ದೊಡ್ಡ ಪಟ್ಟಿ ತೊಡಿಸಿದರೆ ಇದಕ್ಕೂ ಅಡ್ಡಿಯಾಗುತ್ತದೆ.

ಅರಿವಳಿಕೆಯ ಅಪಾಯ ನಿಜವಾದದ್ದು. ಬ್ರಿಟನ್ನಿನ ನೂರಕ್ಕೂ ಹೆಚ್ಚು ಚಿಕಿತ್ಸಾಲಯಗಳ ಲೆಕ್ಕವನ್ನಾಧರಿಸಿ 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅರಿವಳಿಕೆಗೆ ಸಂಬಂಧಿಸಿದ ಸಾವು ನಾಯಿಗಳಲ್ಲಿ ಶೇ 0.17, ಬೆಕ್ಕುಗಳಲ್ಲಿ ಶೇ 0.24 ಇದ್ದರೆ ಮೊಲಗಳಲ್ಲಿ ಶೇ 1.39 ಇತ್ತು. ಆರೋಗ್ಯವಂತ ಮೊಲಗಳನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡಾಗ ಅದು ಶೇ 0.73ಕ್ಕೆ ಇಳಿಯಿತು. ಅರ್ಧಕ್ಕಿಂತ ಹೆಚ್ಚು ಸಾವುಗಳು ಕೊಯ್ತ ಮುಗಿದ ಮೇಲೆ ಆದವು. ಮೈ ಬೆಚ್ಚಗಿಡುವುದು, ಮೇವು ತಿನ್ನಿಸುವುದು, ಕಣ್ಣಿಟ್ಟು ಕಾಯುವುದು ಕತ್ತರಿಯ ಕೆಲಸದಷ್ಟೇ ಮುಖ್ಯ ಎಂದು ಇದರಿಂದ ತಿಳಿಯುತ್ತದೆ.

ಆಪರೇಷನ್ನಿನ ನಂತರ ನಡವಳಿಕೆ

ಗಂಡಿನಲ್ಲಿ ಬದಲಾವಣೆ ಎದ್ದು ಕಾಣುತ್ತದೆ. ರಕ್ತದಲ್ಲಿ ಟೆಸ್ಟೋಸ್ಟೆರಾನ್ ಬೇಗನೆ ಇಳಿದರೂ ಚಾಳಿ ಇಳಿಯಲು ಕೆಲವು ವಾರ ಬೇಕು. ಮೂತ್ರ ಚಿಮ್ಮಿಸುವುದು, ಗಿರಕಿ ಹೊಡೆಯುವುದು, ಹತ್ತುವುದು ತಗ್ಗುತ್ತವೆ. ಮೂತ್ರದ ಘಾಟು ಕಡಿಮೆಯಾಗುತ್ತದೆ. ಒಂದು ಟ್ರೇಯಲ್ಲೇ ಮೂತ್ರ ಮಾಡುವ ರೂಢಿ ಕಲಿಸುವುದು ಸುಲಭವಾಗುತ್ತದೆ. ಗದ್ದದ ಗ್ರಂಥಿಯನ್ನು ಕುರ್ಚಿಯ ಕಾಲಿಗೆ, ತಟ್ಟೆಯ ಅಂಚಿಗೆ ಉಜ್ಜಿ ಇದು ತನ್ನದೆಂದು ಗುರುತು ಹಾಕುವುದು ಕಡಿಮೆಯಾದರೂ ಪೂರ್ತಿ ನಿಲ್ಲುವುದಿಲ್ಲ. ವರ್ಷಗಟ್ಟಲೆ ರೂಢಿಯಾದ ಚಾಳಿ ವೃಷಣ ಹೋದರೂ ಉಳಿಯಬಹುದು.

ಹೆಣ್ಣಿನ ವಿಷಯದಲ್ಲಿ ಅಷ್ಟು ಖಡಾಖಂಡಿತವಾಗಿ ಹೇಳಲಾಗದು. ಅಂಡಾಶಯ ಹೋದ ಮೇಲೆ ಹುಸಿ ಗಬ್ಬ ಮರುಕಳಿಸುವುದಿಲ್ಲ, ಅದರೊಂದಿಗೆ ಬರುತ್ತಿದ್ದ ತುಪ್ಪಳ ಕೀಳುವಿಕೆ ಮತ್ತು ಸಿಟ್ಟು ಹೋಗುತ್ತವೆ. ಆದರೆ ಸಿಟ್ಟಿಗೆ ಬೇರೆ ಮೂಲಗಳೂ ಇವೆ. ಇಕ್ಕಟ್ಟಿನ ಗೂಡು, ಹಲ್ಲುನೋವು, ಕಿವಿ ಹಿಡಿದು ಎತ್ತುವ ಮಕ್ಕಳ ಭಯ, ಇವುಗಳಿಂದ ಕಚ್ಚುವ ಮೊಲ ಆಪರೇಷನ್ ಆದ ಮೇಲೂ ಕಚ್ಚುತ್ತದೆ. ನೆಲ ತೋಡುವುದು, ವಯರು ಕಡಿಯುವುದು ಮೊಲದ ಹುಟ್ಟುಗುಣ. ಅವಕ್ಕೆ ಮಣ್ಣು ತುಂಬಿದ ಬುಟ್ಟಿ, ಕಡಿಯಲು ಕಟ್ಟಿಗೆ ಕೊಡಬೇಕೇ ವಿನಾ ಕತ್ತರಿಯಿಂದ ಪ್ರಯೋಜನವಿಲ್ಲ.

ಜೊತೆ ಬಾಳು

ಮೊಲದ ನೆಮ್ಮದಿಯ ಕೀಲಿ ಇಲ್ಲಿದೆ. ಬಿಲದ ಪ್ರಾಣಿ ಜೊತೆಯನ್ನು ಬಯಸುತ್ತದೆ. ಎಷ್ಟು ಬಯಸುತ್ತದೆ ಎಂದು ಅಳೆಯಲು ನಡೆಸಿದ ಪ್ರಯೋಗವೊಂದು 2008ರಲ್ಲಿ ಪ್ರಕಟವಾಯಿತು. ತೂಕ ಕಟ್ಟಿದ ಬಾಗಿಲನ್ನು ನೂಕಿಕೊಂಡು ಹೋದರೆ ಒಂದು ಕಡೆ ಆಹಾರ, ಒಂದು ಕಡೆ ಇನ್ನೊಂದು ಮೊಲದ ಸಂಗ. ತೂಕ ಹೆಚ್ಚಿಸುತ್ತ ಹೋದಾಗ ಹೆಣ್ಣು ಮೊಲಗಳು ಸಂಗಕ್ಕಾಗಿ ಪಟ್ಟ ಶ್ರಮ ಹೆಚ್ಚುಕಡಿಮೆ ಆಹಾರಕ್ಕಾಗಿ ಪಟ್ಟಷ್ಟೇ ಇತ್ತು. ಆದರೆ ಪ್ರಾಯದ ಮೊಲಗಳನ್ನು ಹಾಗೇ ಒಟ್ಟಿಗೆ ಬಿಟ್ಟರೆ, ಗಂಡು ಹೆಣ್ಣಾದರೆ ತಿಂಗಳಿಗೊಂದು ಸೂಲು, ಗಂಡು ಗಂಡಾದರೆ ರಕ್ತ. ಇದಕ್ಕೆ ಹೆದರಿ ಮೊಲವನ್ನು ಒಂಟಿ ಪಂಜರದಲ್ಲಿಡುತ್ತಾರೆ. ಈ ಕಗ್ಗಂಟನ್ನು ಬಿಡಿಸುವುದು ಸಂತಾನಹರಣ.

ಒಂದು ಗಂಡು, ಒಂದು ಹೆಣ್ಣು, ಎರಡಕ್ಕೂ ಆಪರೇಷನ್ ಆಗಿದ್ದರೆ ಅದು ಎಲ್ಲಕ್ಕಿಂತ ಸುಲಭವಾಗಿ ಹೊಂದುವ ಜೋಡಿ. ಆಪರೇಷನ್ ಆದ ಗಂಡಿನಲ್ಲಿ ಉಳಿದ ವೀರ್ಯದಿಂದ ನಾಲ್ಕರಿಂದ ಆರು ವಾರದವರೆಗೂ ಗಬ್ಬ ನಿಲ್ಲಬಹುದಾದ್ದರಿಂದ ಅಷ್ಟು ದಿನ ಬೇರೆಯೇ ಇಡಬೇಕು. ಆಮೇಲೆ ಪರಿಚಯವೂ ಹಂತಹಂತವಾಗಿ ಆಗಬೇಕು. ಮೊದಲು ಜಾಲರಿಯ ಆಚೆ ಈಚೆ, ಹಾಸಿಗೆಯ ಹುಲ್ಲಿನ ಅದಲುಬದಲು, ಬಳಿಕ ಎರಡಕ್ಕೂ ಹೊಸದಾದ ಜಾಗದಲ್ಲಿ ಕೆಲವು ನಿಮಿಷಗಳ ಭೇಟಿ. ಹೊಂದಿಕೊಂಡ ಗುರುತು ಸುಲಭವಾಗಿ ಸಿಗುತ್ತದೆ. ಒಂದು ಮೊಲ ತಲೆ ನೆಲಕ್ಕೊತ್ತಿ ಇನ್ನೊಂದರ ಬಾಯಿಯ ಕೆಳಗೆ ಚಾಚುತ್ತದೆ, ಇನ್ನೊಂದು ಹಣೆ, ಕಣ್ಣಂಚು, ಕಿವಿಯ ಬುಡ ನೆಕ್ಕುತ್ತದೆ.

ನೆಮ್ಮದಿಯ ಮೊಲ ಓಡುತ್ತ ಓಡುತ್ತ ಗಾಳಿಗೆ ನೆಗೆದು ಮೈಯನ್ನು ಒಂದು ಕಡೆಗೂ ತಲೆಯನ್ನು ಇನ್ನೊಂದು ಕಡೆಗೂ ತಿರುಚುತ್ತದೆ. ದಣಿದಾಗ ಧೊಪ್ಪನೆ ಪಕ್ಕಕ್ಕೆ ಉರುಳಿ ಹಿಂಗಾಲು ಚಾಚಿ ಮಲಗುತ್ತದೆ. ಇದಕ್ಕೆ ಜಾಗ ಬೇಕು. ಬ್ರಿಟನ್ನಿನ ಮೊಲ ಕಲ್ಯಾಣ ಸಂಸ್ಥೆಯೊಂದು ಒಂದು ಜೋಡಿಗೆ ಕನಿಷ್ಠ 3 ಮೀಟರ್ ಉದ್ದ, 2 ಮೀಟರ್ ಅಗಲ, 1 ಮೀಟರ್ ಎತ್ತರದ ಆವರಣ ಹೇಳುತ್ತದೆ. ನಮ್ಮ ಅಂಗಡಿಗಳಲ್ಲಿ ಸಿಗುವ ತಂತಿ ಪಂಜರ ಅದರ ಒಂದು ಮೂಲೆಯಷ್ಟೂ ಇರುವುದಿಲ್ಲ.

ಆರೋಗ್ಯ

ಹೆಣ್ಣು ಮೊಲದ ಆಪರೇಷನ್ನಿಗೆ ವೈದ್ಯರು ಕೊಡುವ ಬಲವಾದ ಕಾರಣ ಗರ್ಭಕೋಶದ ಕ್ಯಾನ್ಸರ್. ಹ್ಯಾರಿ ಗ್ರೀನ್ ಎಂಬ ವಿಜ್ಞಾನಿ 1930ರ ದಶಕದಲ್ಲೇ ಸಂಶೋಧನಾಲಯದ ಮೊಲಗಳಲ್ಲಿ ಇದನ್ನು ವಿವರಿಸಿದ್ದ. ಕೆಲವು ತಳಿಗಳಲ್ಲಿ ನಾಲ್ಕು ವರ್ಷ ದಾಟಿದ ಹೆಣ್ಣುಗಳ ಪೈಕಿ ಶೇ 50ರಿಂದ 80ರಷ್ಟಕ್ಕೆ ಇದು ಬರುತ್ತದೆಂಬ ಅಂಕಿ ಪಠ್ಯಪುಸ್ತಕಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ. ಈ ಅಂಕಿಗಳು ಹೆಚ್ಚಾಗಿ ಸಂಶೋಧನಾಲಯದ ಕೆಲವೇ ವಂಶಗಳಿಂದ ಬಂದವು, ಎಲ್ಲ ಮನೆಮೊಲಗಳಿಗೂ ಅನ್ವಯಿಸಲಾಗದು ಎಂಬ ಟೀಕೆಯೂ ಇದೆ. ವಯಸ್ಸಾದಂತೆ ಗರ್ಭಕೋಶದ ರೋಗ ಹೆಚ್ಚುತ್ತದೆ ಎಂಬುದರಲ್ಲಿ ಮಾತ್ರ ಭಿನ್ನಾಭಿಪ್ರಾಯವಿಲ್ಲ. ಮೂತ್ರದಲ್ಲಿ ರಕ್ತ ಕಾಣುವುದು ಅದರ ಮೊದಲ ಸುಳಿವಾಗಿರಬಹುದು.

ನಷ್ಟದ ಬದಿಯಲ್ಲಿ ಬೊಜ್ಜು ಮುಖ್ಯ. ಆಪರೇಷನ್ ಆದ ಮೊಲಕ್ಕೆ ಕಡಿಮೆ ಶಕ್ತಿ ಸಾಕು, ಹಸಿವು ಮಾತ್ರ ಹಾಗೇ ಇರುತ್ತದೆ. ಬೊಜ್ಜು ಬಂದ ಮೊಲಕ್ಕೆ ತನ್ನ ಹಿಂಭಾಗ ತಾನೇ ಶುಚಿ ಮಾಡಿಕೊಳ್ಳಲಾಗದು, ಮೆತ್ತನೆ ಹಿಕ್ಕೆ ಅಂಟಿ ನೊಣದ ಹುಳು ಬೀಳುತ್ತದೆ.

ಗೊರೇಬಾಳ ಸೀಮೆಯಲ್ಲಿ

ಇಲ್ಲಿಯ ಮೊದಲ ಸವಾಲು ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ಮೊಲ ಬೆವರುವುದಿಲ್ಲ, ಮೈಯ ಬಿಸಿಯನ್ನು ಹೆಚ್ಚಾಗಿ ಕಿವಿಗಳ ಮೂಲಕ ಕಳೆಯುತ್ತದೆ. ಹೊರಗಿನ ಗಾಳಿಯೇ ಮೈಗಿಂತ ಬಿಸಿಯಾದಾಗ ಆ ದಾರಿಯೂ ಮುಚ್ಚುತ್ತದೆ. ಆದ್ದರಿಂದ ಆಪರೇಷನ್ನಿಗೆ ದೀಪಾವಳಿಯಿಂದ ಸಂಕ್ರಾಂತಿಯವರೆಗಿನ ತಂಪು ದಿನ ಒಳ್ಳೆಯದು. ಪಟ್ಟಣಕ್ಕೆ ಒಯ್ಯುವುದಾದರೆ ನಸುಕಿನಲ್ಲೇ ಹೊರಡಬೇಕು. ತಗಡಿನ ಶೆಡ್ಡಿಗಿಂತ ಮಣ್ಣಿನ ಮಾಳಿಗೆಮನೆಯ ಪಡಸಾಲೆ ಮೊಲಕ್ಕೆ ಹಿತ. ಅಡ್ಡ ಮಲಗಿಸಿದ ದೊಡ್ಡ ಗಡಿಗೆಯ ಮೇಲೆ ಒದ್ದೆ ಗೋಣಿಚೀಲ ಹಾಕಿದರೆ ಬಿಲದಂಥ ತಂಪು ತಾಣವಾಗುತ್ತದೆ.

ಎರಡನೆಯದು ಮೇವು. ತುಂಗಭದ್ರಾ ಎಡದಂಡೆ ಕಾಲುವೆಯಿಂದಾಗಿ ಸಿಂಧನೂರು ಕಡೆ ಭತ್ತದ ಹುಲ್ಲು ಧಾರಾಳ. ಅದು ಹಾಸಲು ಚೆನ್ನ, ತಿನ್ನಲು ಸತ್ವ ಸಾಲದು. ಗರಿಕೆ ಮತ್ತು ಇತರ ಹಸಿ, ಒಣ ಹುಲ್ಲು ಮುಖ್ಯ ಆಹಾರವಾಗಬೇಕು. ಕುದುರೆ ಮೆಂತ್ಯದಲ್ಲಿ ಸುಣ್ಣದಂಶವೂ ಪ್ರೋಟೀನೂ ಹೆಚ್ಚು. ಗಬ್ಬದ, ಹಾಲೂಡುವ ಮೊಲಕ್ಕೆ ಅದು ಸರಿ, ಆಪರೇಷನ್ ಆದ ಮೊಲಕ್ಕೆ ಹಿಡಿತದಲ್ಲಿರಲಿ. ಎಣ್ಣೆ ಹೊಡೆದ ಗದ್ದೆಯ ಬದುವಿನ ಹುಲ್ಲು ಕೊಯ್ದು ತರಬಾರದು. ಎಳೆಯ ಜೋಳದ ಪೈರಿನಲ್ಲಿ ಸಯನೈಡ್ ವಿಷವಿರುವುದು ದನ ಕಟ್ಟಿದವರಿಗೆ ಗೊತ್ತೇ ಇದೆ, ಮೊಲಕ್ಕೂ ಅದೇ ಎಚ್ಚರ ಬೇಕು.

ಮೂರನೆಯದು ವೈದ್ಯರು. ಈ ಭಾಗದ ಪಶು ಆಸ್ಪತ್ರೆಗಳ ನಿತ್ಯದ ಕೆಲಸ ದನ, ಎಮ್ಮೆ, ಕುರಿ, ಆಡುಗಳದು. ಮೊಲ ಅಪರೂಪದ ರೋಗಿ. ಕರೆದೊಯ್ಯುವ ಮೊದಲು ಕೇಳಬೇಕಾದ ಪ್ರಶ್ನೆಗಳು ಮೂರು: ಮೊಲಕ್ಕೆ ಮೊದಲು ಆಪರೇಷನ್ ಮಾಡಿದ್ದೀರಾ? ಅರಿವಳಿಕೆ ಯಾವುದು, ಎಚ್ಚರವಾಗುವವರೆಗೆ ನೋಡಿಕೊಳ್ಳುವವರು ಯಾರು? ನೋವಿಗೆ ಏನು ಕೊಡುತ್ತೀರಿ? ಉಪವಾಸ ಕೆಡವಿ ತನ್ನಿ ಎಂಬ ಸೂಚನೆ ಬಂದರೆ ಬೇರೆ ವೈದ್ಯರನ್ನು ಹುಡುಕುವುದು ಒಳಿತು.

ಪರ್ಯಾಯಗಳು

ಎರಡೂ ಮೊಲಗಳಿಗೆ ಮಾಡಿಸಲು ಆಗದಿದ್ದರೆ ಗಂಡಿಗೆ ಮಾತ್ರ ಮಾಡಿಸುವುದು ಕಡಿಮೆ ಅಪಾಯದ, ಕಡಿಮೆ ಕೊಯ್ತದ ದಾರಿ. ಮರಿಯಾಗುವುದೂ ತಪ್ಪುತ್ತದೆ, ಜೋಡಿಯೂ ಉಳಿಯುತ್ತದೆ, ಆದರೆ ಹೆಣ್ಣಿಗೆ ಗರ್ಭಕೋಶದ ರೋಗದ ಭಯ ಮತ್ತು ಹುಸಿ ಗಬ್ಬದ ಸಾಧ್ಯತೆ ಉಳಿದೇ ಇರುತ್ತವೆ. ವೀರ್ಯನಾಳವನ್ನಷ್ಟೇ ಕತ್ತರಿಸಿದರೆ ಹಾರ್ಮೋನು ಹಾಗೇ ಇರುವುದರಿಂದ ನಡವಳಿಕೆ ಬದಲಾಗದು. ಚರ್ಮದಡಿ ಇಡುವ ಡೆಸ್ಲೊರೆಲಿನ್ ಗುಳಿಗೆ ಹೆಣ್ಣಿನಲ್ಲಿ ಕೆಲವು ತಿಂಗಳು ಕೆಲಸ ಮಾಡುತ್ತದೆ, ಗಂಡಿನಲ್ಲಿ ನೆಚ್ಚಲಾಗದು. ನುರಿತ ವೈದ್ಯರೇ ಸಿಗದ ಕಡೆ, ಎರಡು ಗೂಡುಗಳನ್ನು ಒಂದೇ ಜಾಲರಿಯ ಆಚೀಚೆ ಕಟ್ಟಿ, ಮೂಸಲು, ನೋಡಲು, ಪಕ್ಕಪಕ್ಕದಲ್ಲಿ ಮಲಗಲು ಅನುವು ಮಾಡಿಕೊಡಬಹುದು.

ಚರ್ಚೆ

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬ ಗಾದೆ ಈ ಚರ್ಚೆಯಲ್ಲಿ ಎರಡೂ ಕಡೆಯವರಿಗೆ ಸಲ್ಲುತ್ತದೆ. ದೇವರು ಕೊಟ್ಟ ಅಂಗ ತೆಗೆಯುವುದು ಪಾಪ ಎನ್ನುವವರು ಒಂಟಿ ಪಂಜರದಲ್ಲಿ ಎಂಟು ವರ್ಷ ಕಳೆಯುವ ಮೊಲದ ಬಾಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಪ್ರತಿ ಮೊಲಕ್ಕೂ ಆಪರೇಷನ್ ಆಗಲೇಬೇಕೆನ್ನುವವರು ಅರಿವಳಿಕೆಯ ಅಪಾಯವನ್ನು, ನುರಿತ ಕೈ ಸಿಗದ ಊರುಗಳನ್ನು ಮರೆಯುತ್ತಾರೆ. ಜೊತೆಗಾರ, ಜಾಗ, ಹುಲ್ಲು, ನೆರಳು ಸಿದ್ಧವಿರುವ ಮನೆಯಲ್ಲಿ ಆಪರೇಷನ್ ಪೂರ್ಣ ಫಲ ಕೊಡುತ್ತದೆ. ಆಪರೇಷನ್ ಮುಗಿದ ಮೊಲ ಮರಳಿ ಅದೇ ಒಂಟಿ ತಂತಿ ಪಂಜರಕ್ಕೆ ಹೋದರೆ ಮನೆಯವರಿಗೆ ಘಾಟು ತಪ್ಪುತ್ತದೆ, ಮೊಲಕ್ಕೆ ತಲೆಯೊಡ್ಡಲು ಆಗಲೂ ಯಾರೂ ಇರುವುದಿಲ್ಲ.